ಎರೇಸರ್ ಹಾಕಿ ಉಜ್ಜೋಕೆ ಸೊಂಟ ಏನು ರ‍್ಯಾಮಾ?

ಮೊದಲು ಒಂದು ಪ್ರಶ್ನೆ. ಮನೆಯ ಹಳೇ ಡೆಸ್ಕ್‌ಟಾಪ್ ಆನ್ ಆಗದೆ ಬೀಪ್ ಬೀಪ್ ಅಂತ ಅರಚಿಕೊಂಡಾಗ ನೀವೇನು ಮಾಡಿದ್ದೀರಿ?

ಗೊತ್ತು ಬಿಡಿ :) ಕ್ಯಾಬಿನೆಟ್ ಬಿಚ್ಚಿ, ರ‍್ಯಾಮ್ ಕಿತ್ತು, ತಮ್ಮನ ಜಾಮಿಟ್ರಿ ಬಾಕ್ಸಿಂದ ಎರೇಸರ್ ಕದ್ದು, ಆ ಹಳದಿ ಹಲ್ಲುಗಳನ್ನ ಉಜ್ಜಿ, ಉಫ್ ಅಂತ ಊದಿ ವಾಪಸ್ ಸಿಕ್ಕಿಸಿದ್ದೀರಿ. ಕಂಪ್ಯೂಟರ್ ಎದ್ದು ಕೂತಿದೆ. ಮನೆಯವರೆಲ್ಲ ನಿಮ್ಮನ್ನ ದೊಡ್ಡ ಇಂಜಿನಿಯರ್ ಅಂದಿದ್ದಾರೆ. ನಾನೂ ಹಾಗೇ ಹೆಸರು ಮಾಡಿದವನು. ಎರೇಸರಿನಿಂದ ಉಜ್ಜಿದರೆ ಮೇಲಿನ ಚಿನ್ನದ ಲೇಪವೂ ಸವೆಯುತ್ತೆ, ಹಾಗೆ ಮಾಡಬಾರದು ಅಂತ ಗೊತ್ತಾಗಿದ್ದು ಬಹಳ ತಡವಾಗಿ. ಇರಲಿ.

ಈ ಎರೇಸರ್ ಬುದ್ಧಿಯ ಮೇಲೆ ನನಗೆ ಈಗ ವಿಪರೀತ ಸಿಟ್ಟಿದೆ. "ಕಿತ್ತು ಹಾಕಿದೆ, ಸರಿಹೋಯ್ತು, ಮುಂದಕ್ಕೆ ಹೋಗೋಣ" ಅನ್ನೋ ಬುದ್ಧಿ. ಕಂಪ್ಯೂಟರಿನಲ್ಲಿ ಅದು ನಡೆಯುತ್ತೆ. ಮನುಷ್ಯರ ಮೈಯೊಳಗೆ ಲೋಹ ಇಟ್ಟು ಹೊಲಿದ ಮೇಲೆ ನಡೆಯಲ್ಲ. ಹಾಗಿದ್ದೂ ನಾವು ಎರಡೂ ಕಡೆ ಒಂದೇ ಥರ ನಡ್ಕೊಳ್ತಾ ಇದ್ದೀವಿ. ಅದಕ್ಕೇ ಈ ಜಗಳ.

ನಾನು ಓದಿದ್ದು ಮೆಕ್ಯಾನಿಕಲ್, ಅನ್ನ ಹಾಕ್ತಿರೋದು ಸಾಫ್ಟ್‌ವೇರ್. ನಮ್ಮ ಕಾಲದಲ್ಲಿ ಇದೇನೂ ಅಪರೂಪ ಅಲ್ಲ. ಹಿಂದಿನ ಕಂಪನಿಯಲ್ಲಿ ಗಾಡಿಗಳ ಡ್ಯಾಶ್‌ಬೋರ್ಡಿಗೆ ಕೋಡ್ ಬರೀತಿದ್ದೆ. ಒಂದು ಮಾದರಿಯಲ್ಲಿ ವಿಚಿತ್ರ ದೂರು ಬರೋಕೆ ಶುರುವಾಯ್ತು. ರಸ್ತೆಯಲ್ಲಿ ಹೋಗ್ತಾ ಹೋಗ್ತಾ ಡಿಸ್‌ಪ್ಲೇ ಆರಿಹೋಗುತ್ತೆ, ಒಂದೆರಡು ಕ್ಷಣ ಬಿಟ್ಟು ತಾನೇ ಬರುತ್ತೆ. ವರ್ಕ್‌ಶಾಪಿನವರು ಪ್ಲಗ್ ಕಿತ್ತು ಯೂನಿಟ್ಟನ್ನ ನಮಗೆ ಕಳಿಸೋರು. ನಾವು ಟೆಸ್ಟರಿಗೆ ಸಿಕ್ಕಿಸಿದರೆ ಎಲ್ಲಾ ಸರಿ! "ದೋಷ ಕಂಡುಬಂದಿಲ್ಲ" ಅಂತ ಚೀಟಿ ಅಂಟಿಸಿ ವಾಪಸ್. ಮೀಟಿಂಗಿನಲ್ಲಿ ಹಾರ್ಡ್‌ವೇರ್‌ನವರು ಸಾಫ್ಟ್‌ವೇರ್ ಅಂದ್ರು. ನಾವು ವೈರಿಂಗ್ ಅಂದ್ವಿ. ಕೊನೆಗೆ ಎಲ್ಲರೂ ಒಮ್ಮತದಿಂದ ಗಾಡಿ ಓಡಿಸೋನದ್ದೇ ತಪ್ಪು ಅಂತ ತೀರ್ಮಾನ ಮಾಡಿದ್ವಿ.

ಅದೇ ಯೂನಿಟ್ ಮೂರನೇ ಸಲ ಬಂದಾಗ ಹಾರ್ಡ್‌ವೇರ್ ಟೀಮಿನ ಹಿರಿಯರೊಬ್ಬರು "ಯಾರೂ ಮುಟ್ಟಬೇಡಿ, ಪ್ಲಗ್ ಸಮೇತ ತರಿಸಿ" ಅಂದ್ರು. ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದ್ರು. ತವರದ ಲೇಪದ ಪಿನ್ನಿನ ಮೇಲೆ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಕಪ್ಪು ಚುಕ್ಕಿಗಳು. "ಇದೇ ಕಣ್ರಯ್ಯಾ ನಿಮ್ಮ ಬಗ್" ಅಂದ್ರು.

ಅದರ ಹೆಸರು ಫ್ರೆಟಿಂಗ್ ಕರೋಷನ್. ನಾನು ಇದನ್ನ "ತಿಕ್ಕಾಟದ ತುಕ್ಕು" ಅಂತ ಕರೀತೀನಿ. ಇದಕ್ಕಿಂತ ಒಳ್ಳೆ ಕನ್ನಡ ಪದ ಹೊಳೆದರೆ ತಿಳಿಸಿ.

ಆಗೋದು ಇಷ್ಟು. ತವರಕ್ಕೆ ಗಾಳಿ ತಾಗಿದರೆ ಮೇಲೆ ತೆಳ್ಳನೆಯ ಆಕ್ಸೈಡ್ ಪೊರೆ ಕೂರುತ್ತೆ. ಪೊರೆ ಗಟ್ಟಿ, ಕೆಳಗಿನ ಲೋಹ ಮೆತ್ತಗೆ. ಬಿಸಿಲಿಗೆ ಕೆರೆಯಂಗಳ ಒಣಗುವಾಗ ಮೇಲೆ ಗಟ್ಟಿ ಪದರ ಇದ್ದು ಕಾಲಿಟ್ಟರೆ ಒಡೆದು ಕೆಸರು ಬರುತ್ತಲ್ಲ, ಹಾಗೆ. ಪ್ಲಗ್ ಒತ್ತಿದಾಗ ಆ ಪೊರೆ ಒಡೆದು ಹಸಿ ಲೋಹಕ್ಕೆ ಹಸಿ ಲೋಹ ತಾಗುತ್ತೆ, ಕರೆಂಟು ಹರಿಯುತ್ತೆ. ಆದರೆ ಗಾಡಿ ಅದುರುತ್ತೆ. ಬಿಸಿಲಿಗೆ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ಪಿನ್ನು ಕೆಲವು ಮೈಕ್ರಾನ್ ಅತ್ತಿತ್ತ ಸರಿಯುತ್ತೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಅಂದ್ರೆ ಅದು ಎಷ್ಟು ಸಣ್ಣ ಚಲನೆ ಅಂತ ಲೆಕ್ಕ ಹಾಕಿ. ಸರಿದಾಗಲೆಲ್ಲ ಹೊಸ ಲೋಹ ಗಾಳಿಗೆ ತೆರೆದುಕೊಂಡು ಮತ್ತೆ ಪೊರೆ, ಮತ್ತೆ ಒಡೆತ. ಒಡೆದ ಪುಡಿ ಹೊರಗೆ ಹೋಗೋಕೆ ದಾರಿ ಇಲ್ಲ. ಅಲ್ಲೇ ಗುಡ್ಡೆಯಾಗಿ ಕೊನೆಗೊಂದು ದಿನ ಕರೆಂಟಿಗೆ ಅಡ್ಡ ನಿಲ್ಲುತ್ತೆ.

ಅದಕ್ಕೇ ಕನೆಕ್ಟರ್ ಮಾಡೋರು ತವರಕ್ಕೆ ಕಟ್ಟುನಿಟ್ಟಿನ ಕಟ್ಟಳೆ ಇಟ್ಟಿದ್ದಾರೆ. ಕನಿಷ್ಠ 100 ಗ್ರಾಂ ತೂಕದಷ್ಟು ಒತ್ತಡದಲ್ಲಿ ಹಿಡಿದಿರಬೇಕು, ಅಲುಗಾಡಬಾರದು, ಎಣ್ಣೆಯಂಥದ್ದು ಸವರಿ, ತವರಕ್ಕೆ ಚಿನ್ನದ ಜೋಡಿ ಬೇಡ. ಚಿನ್ನ ಒಳ್ಳೇದು, ತವರ ಅಗ್ಗ, ಒಂದು ಕಡೆಯಾದ್ರೂ ಚಿನ್ನ ಇರಲಿ ಅಂತ ಜೋಡಿಸಿದರೆ ಎರಡೂ ಕೆಡುತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಎರೇಸರ್ ಕಥೆಗೆ ಬನ್ನಿ. ಪ್ಲಗ್ ಕಿತ್ತು ಮತ್ತೆ ಹಾಕಿದಾಗ ಆ ಪುಡಿ ಉಜ್ಜಿಹೋಗುತ್ತೆ. ಅಂದ್ರೆ ತಪ್ಪು ಹುಡುಕೋಕೆ ಅಂತ ಮಾಡೋ ಮೊದಲ ಕೆಲಸವೇ ತಪ್ಪಿನ ಸಾಕ್ಷಿಯನ್ನ ಅಳಿಸಿಬಿಡುತ್ತೆ. ನಾವು "ದೋಷ ಕಂಡುಬಂದಿಲ್ಲ" ಅಂತ ಬರೆದದ್ದು ಸುಳ್ಳಲ್ಲ. ನಿಜಕ್ಕೂ ಕಂಡಿರಲಿಲ್ಲ. ಕಾಣೋ ಹಾಗೆ ಹುಡುಕಿರಲಿಲ್ಲ ಅಷ್ಟೆ.

ಇದೇನು ಹೊಸ ರೋಗ ಅಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಹೊಸ ಕಾರುಗಳನ್ನ ರೈಲಿಗೆ ಹಾಕಿ ದೂರದೂರಿಗೆ ಕಳಿಸಿದರೆ, ಒಂದು ಮೈಲಿಯೂ ಓಡದ ಕಾರಿನ ಚಕ್ರದ ಬೇರಿಂಗುಗಳು ಸವೆದು ಬರ್ತಿದ್ವು. ಚಕ್ರ ತಿರುಗಿದ್ದರೆ ಗ್ರೀಸ್ ಹರಡಿ ಏನೂ ಆಗ್ತಿರಲಿಲ್ಲ. ನಿಂತಲ್ಲೇ ಅದುರಿದ್ದಕ್ಕೇ ಕೆಟ್ಟಿದ್ದು. ನೂರು ವರ್ಷದ ಹತ್ತಿರದ ಪಾಠ ಇದು, ಮೆಕ್ಯಾನಿಕಲ್ ಪುಸ್ತಕಗಳಲ್ಲಿ ಇದೆ. ನಾವೂ ಪರೀಕ್ಷೆಗೆ ಎರಡು ಅಂಕಕ್ಕೆ ಬರೆದು ಮರೆತವರೇ.

ಈಗ ಸೊಂಟಕ್ಕೆ ಬರೋಣ.

ಸೊಂಟದ ಕೀಲು ಬದಲಿಸುವಾಗ ಹಾಕೋದು ಒಂದೇ ತುಂಡಲ್ಲ. ತೊಡೆಮೂಳೆಯೊಳಗೆ ಇಳಿಯೋ ಕಾಂಡ ಒಂದು, ಅದರ ತುದಿಗೆ ಕೂರೋ ಚೆಂಡು ಒಂದು, ಚೆಂಡು ತಿರುಗೋ ಬಟ್ಟಲು ಇನ್ನೊಂದು. ಕಾಂಡಕ್ಕೆ ಚೆಂಡು ಹಿಡಿಯೋದು ಟೇಪರ್ ಜೋಡಣೆಯಿಂದ. ಸ್ಕ್ರೂ ಇಲ್ಲ, ಅಂಟಿಲ್ಲ. ಅಡುಗೆಮನೆಯಲ್ಲಿ ಸ್ಟೀಲ್ ಲೋಟದೊಳಗೆ ಲೋಟ ಇಟ್ಟು ಒತ್ತಿದರೆ ಸಿಕ್ಕಿಹಾಕಿಕೊಂಡು ಅಮ್ಮನ ಹತ್ರ ಬೈಸ್ಕೋತೀವಲ್ಲ, ಅದೇ ತತ್ವ. ಲೇತಿನಲ್ಲಿ ಡ್ರಿಲ್ ಹಿಡಿಯೋದೂ ಹೀಗೇ. ಇದರಲ್ಲಿ ಅನುಕೂಲ ಇದೆ, ಇಲ್ಲ ಅಂತ ನಾನು ಹೇಳಲ್ಲ. ಆಪರೇಷನ್ ಟೇಬಲಿನ ಮೇಲೇ ರೋಗಿಗೆ ತಕ್ಕ ಅಳತೆಯ ಚೆಂಡು ಆರಿಸಬಹುದು, ಮುಂದೆ ಚೆಂಡನ್ನಷ್ಟೇ ಬದಲಿಸಬಹುದು.

ಆದರೆ ಜೋಡಣೆ ಅಂದಮೇಲೆ ಅಲುಗಾಟ ಇದ್ದೇ ಇರುತ್ತೆ. ಇಂಪ್ಲಾಂಟ್ ಪರೀಕ್ಷೆ ಮಾಡೋರು ವರ್ಷಕ್ಕೆ ಸುಮಾರು 10 ಲಕ್ಷ ಹೆಜ್ಜೆ ಅಂತ ಲೆಕ್ಕ ಇಟ್ಕೋತಾರೆ. ಪ್ರತಿ ಹೆಜ್ಜೆಗೂ ಆ ಜಾಗ ಕೂದಲೆಳೆಗಿಂತ ಎಷ್ಟೋ ಕಡಿಮೆ ಸರಿಯುತ್ತೆ. ಟೈಟಾನಿಯಂ, ಕೋಬಾಲ್ಟ್-ಕ್ರೋಮಿಯಂ ಲೋಹಗಳನ್ನ ಮೈಯೊಳಗಿನ ಉಪ್ಪುನೀರಿನಿಂದ ಕಾಪಾಡೋದು ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ. ಅದು ಹರಿಯುತ್ತೆ, ಕಣ್ಣು ಮಿಟುಕಿಸೋದರೊಳಗೆ ಮತ್ತೆ ಬೆಳೆಯುತ್ತೆ, ಪ್ರತಿ ಸಲ ಒಂಚೂರು ಲೋಹ ತಿನ್ನುತ್ತೆ. ಇಕ್ಕಟ್ಟಾದ ಸಂದಿನಲ್ಲಿ ಆಮ್ಲಜನಕ ಮುಗಿಯುತ್ತೆ, ಕ್ಲೋರೈಡ್ ಸೇರುತ್ತೆ, ಅಲ್ಲಿನ ನೀರು ಹುಳಿಯಾಗುತ್ತೆ, ತುಕ್ಕು ಇನ್ನೂ ಜೋರಾಗುತ್ತೆ. ಕೋಬಾಲ್ಟ್, ಕ್ರೋಮಿಯಂ ಅಯಾನುಗಳು ಸುತ್ತಲಿನ ಮಾಂಸಕ್ಕೆ, ಆಮೇಲೆ ರಕ್ತಕ್ಕೆ ಇಳಿಯುತ್ತವೆ. ಕೆಲವರಲ್ಲಿ ಕೀಲಿನ ಸುತ್ತ ಗಡ್ಡೆಯಂಥ ಊತ ಬರುತ್ತೆ, ಮಾಂಸಖಂಡ ಸಾಯುತ್ತೆ. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಏನೂ ಕಾಣಲ್ಲ.

ಡ್ಯಾಶ್‌ಬೋರ್ಡಿನ ಪಿನ್ನಿನಲ್ಲಿ ಪೊರೆ ಬೆಳೆಯೋದೇ ಸಮಸ್ಯೆ, ಸೊಂಟದಲ್ಲಿ ಪೊರೆ ಹರಿಯೋದೇ ಸಮಸ್ಯೆ. ಮೂಲ ಮಾತ್ರ ಎರಡಕ್ಕೂ ಒಂದೇ. ಅಲುಗಾಡಲ್ಲ ಅಂತ ನಾವು ಕಾಗದದ ಮೇಲೆ ಬರೆದ ಜಾಗ ಅಲುಗಾಡ್ತಿದೆ.

2012ರ ಜುಲೈನಲ್ಲಿ ಸ್ಟ್ರೈಕರ್ ಕಂಪನಿ ತನ್ನ ರಿಜುವಿನೇಟ್ ಮತ್ತು ಎಬಿಜಿ-2 ಅನ್ನೋ ಕೀಲುಗಳನ್ನ ವಾಪಸ್ ತಗೊಳ್ತು. ಅವುಗಳಲ್ಲಿ ಕಾಂಡಕ್ಕೂ ಚೆಂಡಿಗೂ ನಡುವೆ ಬಿಡಿಸಬಹುದಾದ ಒಂದು ಕತ್ತೂ ಇತ್ತು. ಅಂದ್ರೆ ಇನ್ನೊಂದು ಜೋಡಣೆ ಹೆಚ್ಚು. ರಿಜುವಿನೇಟಿನಲ್ಲಿ ಕಾಂಡ ಟೈಟಾನಿಯಂ ಮಿಶ್ರಲೋಹ, ಕತ್ತು ಕೋಬಾಲ್ಟ್-ಕ್ರೋಮಿಯಂ. ಎರಡೂ ವರ್ಷಾನುಗಟ್ಟಲೆ ಮೈಯೊಳಗೆ ಬಾಳಿದ ಒಳ್ಳೆ ಲೋಹಗಳೇ. ವಾಪಸ್ ತಗೊಳ್ಳೋಕೆ ಕಂಪನಿಯೇ ಕೊಟ್ಟ ಕಾರಣ ಕತ್ತಿನ ಜೋಡಣೆಯಲ್ಲಿ ಆಗಬಹುದಾದ ಫ್ರೆಟಿಂಗ್ ಮತ್ತು ತುಕ್ಕು. 2014ರಲ್ಲಿ ಅಮೆರಿಕದ ರೋಗಿಗಳೊಂದಿಗೆ 140 ಕೋಟಿ ಡಾಲರ್‌ಗೂ ಮೀರಿದ ರಾಜಿ ಆಯ್ತು.

ಚಿನ್ನ ಮತ್ತು ತವರದ ಮಾತು ನೆನಪಿದೆಯಾ? ಎರಡು ಒಳ್ಳೆ ಭಾಗಗಳನ್ನ ಸೇರಿಸಿದರೆ ಒಳ್ಳೆ ಜೋಡಿ ಆಗೇ ಆಗುತ್ತೆ ಅನ್ನೋ ನಂಬಿಕೆಯನ್ನ ಕನೆಕ್ಟರ್ ಮಾಡೋರು ಯಾವತ್ತೋ ಬಿಟ್ಟಿದ್ದರು. ಆದರೆ ಅಮೆರಿಕದಲ್ಲಿ ಇಂಥ ಎಷ್ಟೋ ಕೀಲುಗಳು ಮಾರುಕಟ್ಟೆಗೆ ಬಂದದ್ದು "ಈಗಾಗಲೇ ಇರೋದಕ್ಕೆ ಇದು ಸಮಾನ" ಅಂತ ತೋರಿಸಿ ಒಪ್ಪಿಗೆ ಪಡೆಯೋ ದಾರಿಯಲ್ಲಿ. ಮನುಷ್ಯರ ಮೇಲೆ ಹೊಸದಾಗಿ ದೀರ್ಘ ಪರೀಕ್ಷೆ ಬೇಕಾಗಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಯೂನಿಟ್ ಟೆಸ್ಟ್ ಎಲ್ಲಾ ಪಾಸು, ಇಂಟಿಗ್ರೇಷನ್ ಟೆಸ್ಟ್ ಗಿರಾಕಿಯ ಮೇಲೆ! ಇಲ್ಲಿ ಗಿರಾಕಿ ಅಂದ್ರೆ ಯಾರದೋ ಅಜ್ಜಿ.

ಇನ್ನು ನಮ್ಮ ದೇಶದ ಕಥೆ. ಜಾನ್ಸನ್ ಅಂಡ್ ಜಾನ್ಸನ್ ಗುಂಪಿನ ಡೆಪ್ಯು ಕಂಪನಿಯ ಎಎಸ್‌ಆರ್ ಕೀಲು ನಿಮಗೆ ಸುದ್ದಿಯಲ್ಲಿ ನೆನಪಿರಬಹುದು. ಲೋಹದ ಬಟ್ಟಲಿನಲ್ಲಿ ಲೋಹದ ಚೆಂಡು. ಅದರ ಮುಖ್ಯ ರೋಗ ಚೆಂಡು-ಬಟ್ಟಲಿನ ಸವೆತ. ಜೊತೆಗೆ ಚೆಂಡು ದೊಡ್ಡದಾದ್ದರಿಂದ ಟೇಪರ್ ಜಾಗದ ಮೇಲೂ ತಿರುಚುವ ಬಲ ಜಾಸ್ತಿ, ಅಲ್ಲೂ ತಿಕ್ಕಾಟದ ತುಕ್ಕು. ಆಸ್ಟ್ರೇಲಿಯಾದಲ್ಲಿ 1999ರಿಂದ ಪ್ರತಿ ಕೀಲಿನ ಲೆಕ್ಕ ಇಡೋ ರಾಷ್ಟ್ರೀಯ ದಾಖಲೆ ಇದೆ. ಅದರಲ್ಲಿ ಈ ಕೀಲು ಬೇಗ ಬೇಗ ಬದಲಾಗ್ತಿರೋದು ಎದ್ದು ಕಾಣಿಸ್ತು. 2009ರ ಡಿಸೆಂಬರಿನಲ್ಲೇ ಅಲ್ಲಿನ ಮಾರುಕಟ್ಟೆಯಿಂದ ಅದು ಹೊರಗೆ ಹೋಯ್ತು. ಇಂಗ್ಲೆಂಡಿನ ದಾಖಲೆಯಲ್ಲೂ ಐದು ವರ್ಷಕ್ಕೆ ಎಂಟರಲ್ಲಿ ಒಬ್ಬರಿಗೆ ಮತ್ತೆ ಆಪರೇಷನ್ ಅಂತ ಕಂಡ ಮೇಲೆ 2010ರ ಆಗಸ್ಟಿನಲ್ಲಿ ಕಂಪನಿ ಜಗತ್ತಿನಾದ್ಯಂತ ವಾಪಸ್ ತಗೊಳ್ತು. ಅಷ್ಟರಲ್ಲಿ ಸುಮಾರು 93,000 ಜನರ ಮೈಯಲ್ಲಿ ಅದು ಕೂತಿತ್ತು.

ಭಾರತದಲ್ಲಿ? ಸುಮಾರು 4,700 ಆಪರೇಷನ್. ಕೇಂದ್ರ ಸರ್ಕಾರ ಪರಿಶೀಲನೆಗೆ ಸಮಿತಿ ಮಾಡಿದ್ದು 2017ರಲ್ಲಿ. 2018ರಲ್ಲಿ ವರದಿ ಹೊರಬಂದಾಗ ನನಗೆ ದಿಗಿಲಾಗಿದ್ದು ಲೋಹದ ಕಥೆ ಕೇಳಿ ಅಲ್ಲ. ಆ 4,700ರಲ್ಲಿ ಸುಮಾರು 3,600 ಜನ ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲ! ಹೆಸರಿಲ್ಲ, ವಿಳಾಸ ಇಲ್ಲ. 2018ರ ನವೆಂಬರಿನಲ್ಲಿ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರದ ಸೂತ್ರ ಬಂತು. ತನ್ನ ಸೊಂಟದಲ್ಲಿ ಏನಿದೆ ಅಂತಲೇ ತಿಳಿಯದವರು ಪರಿಹಾರಕ್ಕೆ ಅರ್ಜಿ ಹಾಕೋದು ಹೇಗೆ ಸ್ವಾಮಿ? ನೋವು ಬಂದಾಗ "ವಯಸ್ಸಾಯ್ತಲ್ಲ" ಅಂತ ಮಾತ್ರೆ ನುಂಗಿ ಮಲಗಿದವರು ಎಷ್ಟು ಜನವೋ.

ಇದು ನನಗೆ ಪೇಪರಿನ ಸುದ್ದಿಯಾಗಿ ಉಳಿಯಲಿಲ್ಲ. ನಮ್ಮ ದೊಡ್ಡಮ್ಮನಿಗೆ ಸೊಂಟದ ಕೀಲು ಹಾಕಿಸಿ ಹತ್ತು ವರ್ಷ ದಾಟಿದೆ. ಹೋದ ವರ್ಷ ಆ ಕಡೆ ನೋವು ಶುರುವಾಯ್ತು. ಹೊಸ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಯಾವ ಕಂಪನಿಯದ್ದು ಹಾಕಿದ್ದಾರೆ?"

ಯಾರಿಗೂ ಗೊತ್ತಿಲ್ಲ. ದೊಡ್ಡಪ್ಪ ಬೀರುವಿನಿಂದ ಫೈಲು ತೆಗೆದ್ರು. ಡಿಸ್ಚಾರ್ಜ್ ಸಮ್ಮರಿಯಲ್ಲಿ "ಕೀಲು ಬದಲಿ ಮಾಡಲಾಗಿದೆ" ಅಂತ ಒಂದು ಸಾಲು. ಬಿಲ್ಲಿನಲ್ಲಿ "ಇಂಪ್ಲಾಂಟ್" ಅಂತ ಒಂದು ಪದ, ಪಕ್ಕದಲ್ಲಿ ಲಕ್ಷ ದಾಟಿದ ಮೊತ್ತ. ಅದೇ ಫೈಲಿನಲ್ಲಿ ಅದೇ ವರ್ಷ ತಂದ ಮಿಕ್ಸಿಯ ವಾರಂಟಿ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು, ಸೀರಿಯಲ್ ನಂಬರ್ ಸಮೇತ! ಮಿಕ್ಸಿಗೆ ಇದ್ದ ಮರ್ಯಾದೆ ದೊಡ್ಡಮ್ಮನ ಸೊಂಟಕ್ಕೆ ಇರಲಿಲ್ಲ.

ಆಪರೇಷನ್ ಆದ ಆಸ್ಪತ್ರೆಗೆ ನಾನೇ ಮೂರು ಸಲ ಹೋದೆ. ಮೊದಲ ಸಲ "ಹಳೇ ರೆಕಾರ್ಡು ಗೋಡೌನಿನಲ್ಲಿದೆ". ಎರಡನೇ ಸಲ "ಹುಡುಕ್ತಿದ್ದೀವಿ". ಮೂರನೇ ಸಲ "ಅಷ್ಟು ಹಳೇದು ಇಡಲ್ಲ ಸಾರ್". ಆಪರೇಷನ್ ಮಾಡಿದ ಡಾಕ್ಟರು ಊರು ಬಿಟ್ಟಿದ್ದರು. ಕಡೆಗೆ ಹೊಸ ಡಾಕ್ಟರು ರಕ್ತದ ಕೋಬಾಲ್ಟ್ ಪರೀಕ್ಷೆ, ಸ್ಕ್ಯಾನು ಎಲ್ಲಾ ಮಾಡಿಸಿದ್ರು. ಕೀಲು ಸರಿಯಾಗಿಯೇ ಇತ್ತು, ನೋವು ಬೆನ್ನುಮೂಳೆಯ ನರದ್ದು. ದೊಡ್ಡಮ್ಮ ಈಗ ಆರಾಮಾಗಿದ್ದಾರೆ.

ಹಾಗಾದ್ರೆ ಕೂಗಾಟ ಯಾಕೆ ಅಂತೀರಾ? ಒಂದು ಸ್ಟಿಕ್ಕರ್ ಇದ್ದಿದ್ದರೆ ಮೊದಲ ದಿನವೇ ಸಿಗಬಹುದಾಗಿದ್ದ ಉತ್ತರಕ್ಕೆ ಮೂರು ತಿಂಗಳು ಬೇಕಾಯ್ತು. ಆ ಮೂರು ತಿಂಗಳು ಅವರು ರಾತ್ರಿ ನಿದ್ದೆ ಮಾಡಲಿಲ್ಲ. ನಮ್ಮದು ಅದೃಷ್ಟ. ಅದೃಷ್ಟ ಇಲ್ಲದ 3,600 ಜನರ ಲೆಕ್ಕ ಮೇಲೇ ಇದೆ.

ಇದನ್ನ ಆಫೀಸಿನಲ್ಲಿ, ಮದುವೆ ಮನೆಯಲ್ಲಿ ಹೇಳಿ ಹೇಳಿ ನನಗೆ ಬಂದ ಉತ್ತರಗಳು ನಾಲ್ಕು. ಒಂದೊಂದಾಗಿ ನೋಡೋಣ.

ಒಂದು, "ಲಕ್ಷಾಂತರ ಜನ ಚೆನ್ನಾಗೇ ಓಡಾಡ್ತಿದ್ದಾರಲ್ಲ?" ಹೌದು, ಖಂಡಿತ. ಕೀಲು ಬದಲಿ ಅದ್ಭುತ ಚಿಕಿತ್ಸೆ. ಹೆಚ್ಚಿನವರಿಗೆ ಹದಿನೈದು ಇಪ್ಪತ್ತು ವರ್ಷ ಬರುತ್ತೆ. ಹೆದರಿ ಯಾರೂ ಆಪರೇಷನ್ ಮುಂದೂಡಬೇಡಿ. ಆದರೆ ಯಾವುದು ಚೆನ್ನಾಗಿದೆ, ಯಾವುದು ಇಲ್ಲ ಅಂತ ಗೊತ್ತಾಗಿದ್ದೇ ಲೆಕ್ಕ ಇಟ್ಟ ದೇಶಗಳಿಂದ. ಸ್ವೀಡನ್ 1979ರಿಂದ ಸೊಂಟದ ಕೀಲುಗಳ ಲೆಕ್ಕ ಇಡ್ತಿದೆ. ಅವರ ಲೆಕ್ಕದ ಪುಣ್ಯದಲ್ಲಿ ನಾವು ಬದುಕಿದ್ದೀವಿ.

ಎರಡು, "ಇಷ್ಟೆಲ್ಲ ಹೇಳಿದ್ರೆ ರೋಗಿ ಹೆದರ್ತಾನೆ." ಕಂಪನಿಯ ಹೆಸರು, ಬ್ಯಾಚ್ ನಂಬರ್ ಇರೋ ಒಂದು ಚೀಟಿ ನೋಡಿ ಯಾರು ಹೆದರ್ತಾರೆ? ನಮ್ಮ ದೊಡ್ಡಮ್ಮ ಹೆದರಿದ್ದು ಚೀಟಿ ಇಲ್ಲದ್ದಕ್ಕೆ.

ಮೂರು, "ಎಕ್ಸ್‌ರೇ ಚೆನ್ನಾಗಿದೆ, ಏನೂ ತೊಂದರೆ ಇಲ್ಲ." ಇದು ನಮ್ಮ "ದೋಷ ಕಂಡುಬಂದಿಲ್ಲ" ಚೀಟಿಯ ಅಣ್ಣ. ಎಲ್ಲ ಡಾಕ್ಟರೂ ಹೀಗಂತಾರೆ ಅಂತ ನಾನು ಹೇಳ್ತಿಲ್ಲ. ನಮಗೆ ಸಿಕ್ಕ ಹೊಸ ಡಾಕ್ಟರೇ ಹಾಗನ್ನಲಿಲ್ಲ. ಆದರೆ ಲೋಹದ ಕೀಲಿನ ನೋವಿಗೆ ಎಕ್ಸ್‌ರೇ ಒಂದೇ ಕೊನೆಯ ಮಾತಲ್ಲ ಅನ್ನೋದು 2010ರಲ್ಲೇ ಬ್ರಿಟನ್ ಎಚ್ಚರಿಕೆ ಕೊಟ್ಟಾಗಿನಿಂದ ಗೊತ್ತಿರೋ ಸಂಗತಿ. ಲೋಹ-ಲೋಹದ ಕೀಲು ಇದ್ದವರಿಗೆ ರಕ್ತದಲ್ಲಿ ಕೋಬಾಲ್ಟ್ ಅಥವಾ ಕ್ರೋಮಿಯಂ ನೂರು ಕೋಟಿಗೆ 7 ಭಾಗ ಮೀರಿದರೆ ಮುಂದೆ ಪರೀಕ್ಷೆ ಮಾಡಿ ಅಂತ ಅವರು ಗೆರೆ ಎಳೆದಿದ್ದರು.

ನಾಲ್ಕು, "ಇದೆಲ್ಲ ನಮ್ಮ ದೇಶದಲ್ಲಿ ಆಗೋ ಕೆಲಸ ಅಲ್ಲ." ನನಗೆ ಮೈ ಉರಿಯೋದು ಈ ಉತ್ತರಕ್ಕೇ. ಗಾಡಿಯ ಚಾಸಿ ನಂಬರ್ ಹಿಡಿದು ಅದರ ಜಾತಕ ತೆಗೀತೀವಿ. ಟೋಲ್‌ಗೇಟಿನಲ್ಲಿ ಕ್ಷಣಾರ್ಧದಲ್ಲಿ ದುಡ್ಡು ಕೀಳ್ತೀವಿ. 2017ರ ಆಗಸ್ಟಿನಲ್ಲಿ ಕೇಂದ್ರ ಮೊಣಕಾಲಿನ ಇಂಪ್ಲಾಂಟಿಗೆ ಬೆಲೆ ಮಿತಿ ಹಾಕಿದಾಗ ಬಿಲ್ಲಿನಲ್ಲಿ ಬ್ರಾಂಡು, ತಯಾರಕರು, ಬ್ಯಾಚ್ ನಂಬರ್ ಬರೀಬೇಕು ಅಂತಲೂ ಆದೇಶ ಮಾಡ್ತು. ಅಂದ್ರೆ ಬರೆಯೋಕೆ ಬರುತ್ತೆ! ದುಡ್ಡಿನ ಲೆಕ್ಕಕ್ಕೆ ಬರೆದದ್ದನ್ನ ಪ್ರಾಣದ ಲೆಕ್ಕಕ್ಕೂ ಒಂದು ಕಡೆ ಸೇರಿಸಿಡೋಕೆ ಏನು ರೋಗ?

ನಾನು ಕೇಳೋದು ಮೂರೇ. ಮೈಯೊಳಗೆ ಇಡೋ ಪ್ರತಿಯೊಂದರ ಸ್ಟಿಕ್ಕರ್ ರೋಗಿಯ ಕೈಗೆ ಬರಬೇಕು. ಕೇಳಿದವರಿಗೆ ಮಾತ್ರ ಅಲ್ಲ, ಎಲ್ಲರಿಗೂ. ಎರಡನೇದು, ಎಲ್ಲ ಆಸ್ಪತ್ರೆಗಳೂ ಕಡ್ಡಾಯವಾಗಿ ತುಂಬಬೇಕಾದ ಒಂದು ರಾಷ್ಟ್ರೀಯ ದಾಖಲೆ. ಸರ್ಜನ್ನರ ಸಂಘದವರು ಸ್ವಂತ ಆಸಕ್ತಿಯಿಂದ ದಾಖಲೆ ಇಡ್ತಿದ್ದಾರೆ, ಅವರಿಗೆ ನಮಸ್ಕಾರ. ಆದರೆ ಇಷ್ಟ ಬಂದವರು ತುಂಬೋ ಲೆಕ್ಕದಲ್ಲಿ, ಮುಚ್ಚಿಡೋಕೆ ಏನಾದರೂ ಇರೋರು ತುಂಬ್ತಾರಾ? 2018ರ ಸಮಿತಿಯೂ ಇಂಥ ದಾಖಲೆ ಬೇಕು ಅಂತಲೇ ಹೇಳಿತ್ತು. ಮೂರನೇದು, ಹೊರತೆಗೆದ ಕೀಲನ್ನ ಕಸಕ್ಕೆ ಹಾಕದೆ, ಮಾರಿದ ಕಂಪನಿಗೂ ಸೀದಾ ಕೊಡದೆ, ಸಂಬಂಧ ಇಲ್ಲದವರು ಟೇಪರ್ ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ನಮ್ಮ ಆ ಹಿರಿಯರು ಪ್ಲಗ್ ಸಮೇತ ತರಿಸಿದ ಹಾಗೆ. ಅವತ್ತು ಅವರು "ಮುಟ್ಟಬೇಡಿ" ಅನ್ನದೆ ಇದ್ದಿದ್ದರೆ ನಾವು ಇವತ್ತಿಗೂ ಡ್ರೈವರನ್ನೇ ಬೈತಿರ್ತಿದ್ವಿ.

ಹಾಗಂತ ಸರ್ಕಾರ ಮಾಡಲಿ ಅಂತ ಕೂರೋದೂ ಬೇಡ. ಬ್ಲಾಗ್ ಬರೆಯೋ ಗೆಳೆಯರಲ್ಲಿ ಒಂದು ವಿನಂತಿ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಮಳೆ ಬೆಳೆ ವಿಚಾರಿಸಿದ ಮೇಲೆ ಇನ್ನೊಂದು ಮಾತು ಕೇಳಿ. ಮನೆಯಲ್ಲಿ ಯಾರಿಗಾದರೂ ಕೀಲು, ಪ್ಲೇಟು, ಸ್ಟೆಂಟು, ಪೇಸ್‌ಮೇಕರ್ ಹಾಕಿದ್ದಾರಾ? ಅದರ ಹೆಸರು, ನಂಬರ್ ಇದೆಯಾ? ಇಲ್ಲದಿದ್ದರೆ ಆಸ್ಪತ್ರೆಗೆ ಇವತ್ತೇ ಒಂದು ಅರ್ಜಿ ಬರೆಯಿರಿ. ಗೋಡೌನಿನಲ್ಲಿ ಇಲಿ ತಿನ್ನೋ ಮುಂಚೆ. ಸಿಕ್ಕಿದರೆ ಫೋಟೋ ತೆಗೆದು ನಾಲ್ಕು ಜನರ ಹತ್ತಿರ ಇಡಿ. ಸಿಗದಿದ್ದರೆ ಆ ಕಥೆಯನ್ನ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಒಬ್ಬ ಬರೆದರೆ ಗೊಣಗಾಟ, ನೂರು ಜನ ಬರೆದರೆ ಅದೂ ಒಂದು ದಾಖಲೆ.

ಕೊನೆ ಕೊಸರು: ದೊಡ್ಡಪ್ಪ ಈಗ ಫೈಲಿನಲ್ಲಿ ಹೊಸ ಪ್ಲಾಸ್ಟಿಕ್ ಕವರ್ ಸೇರಿಸಿದ್ದಾರೆ, ಮೇಲೆ ದಪ್ಪ ಅಕ್ಷರದಲ್ಲಿ "ಸೊಂಟ" ಅಂತ ಬರೆದು. ಒಳಗೆ ಇನ್ನೂ ಏನೂ ಇಲ್ಲ. ಮಿಕ್ಸಿ ಕಾರ್ಡು ಮಾತ್ರ ಹಾಗೇ ಇದೆ. ಮಿಕ್ಸಿ ಕೆಟ್ಟು ಆರು ವರ್ಷ ಆಯ್ತು!